ರುಚಿ ನೋಡದೆ ಬೇಯಿಸಿದ ಮೀನನ್ನ

ಅಡುಗೆ ಮಾಡುವವಳಿಗೆ ರುಚಿ ನೋಡಬೇಡ ಎನ್ನುವುದು ಯಾವ ನ್ಯಾಯ ಎಂದು ಮದುವೆಯಾಗಿ ಬಂದ ಮೊದಲ ವರ್ಷವೇ ಕೇಳಿದ್ದೆ. ಕೇಳಿದ್ದು ಗಂಡನನ್ನು. ಅತ್ತೆಯನ್ನು ಕೇಳುವ ಧೈರ್ಯ ಆಗಿನ್ನೂ ಬಂದಿರಲಿಲ್ಲ. ಅದು ಪಿತೃಪಕ್ಷದ ಹಬ್ಬ, ನಮ್ಮ ಬಾಯಲ್ಲಿ ಹಿರಿಯರ ಹಬ್ಬ. ಸತ್ತವರಿಗೆ ಬದುಕಿದ್ದಾಗ ಏನೇನು ಇಷ್ಟವಿತ್ತೋ ಅದನ್ನೆಲ್ಲ ಮಾಡಿ, ಬಾಳೆ ಎಲೆಯ ಮೇಲೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಅವರು ಉಣ್ಣುವ ಮೊದಲು ಆ ಅಡುಗೆ ಯಾರ ನಾಲಿಗೆಗೂ ತಾಗುವಂತಿಲ್ಲ. ತಾಗಿತೋ, ಎಂಜಲು. ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ಬೆಂದಿದೆಯೇ ನೋಡಬಹುದು. ಆ ಬೆರಳನ್ನು ಮರೆತು ಬಾಯಿಗಿಟ್ಟರೆ ಇಡೀ ಪಾತ್ರೆ ದನದ ಕಲಗಚ್ಚಿಗೆ.

ನನ್ನ ಗಂಡ ತಲೆ ಕೆರೆದುಕೊಂಡು, "ಅದೆಲ್ಲ ನಂಗೇನ್ ಗೊತ್ತು, ಅವ್ವನ್ನ ಕೇಳು" ಎಂದಿದ್ದರು. ಈ ಮನೆಯಲ್ಲಿ ಎಲ್ಲ ಪ್ರಶ್ನೆಗೂ ಅವರದು ಇದೊಂದೇ ಉತ್ತರ.

ಚಿತ್ರಾನ್ನ, ವಡೆ, ಕಡುಬು ಇವನ್ನೆಲ್ಲ ರುಚಿ ನೋಡದೆ ಮಾಡಿಬಿಡಬಹುದು. ಉಪ್ಪು ಕಡಿಮೆಯಾದರೆ ಕಾಯಿಚಟ್ನಿ ಕಾಪಾಡುತ್ತದೆ. ಮಾಂಸದ ಸಾರನ್ನು ಮುದ್ದೆ ಕಾಪಾಡುತ್ತದೆ. ಆದರೆ ನಮ್ಮ ಮನೆಯ ಎಡೆಗೆ ಮೀನನ್ನ ಆಗಲೇಬೇಕು. ಪಟ್ಟಣದವರು ಕಂಡರೆ ಮೀನಿನ ಪಲಾವು ಎಂದಾರು, ಬಿರಿಯಾನಿ ಎಂದರೂ ಎಂದಾರು. ನಮಗೆ ಅದು ಮೀನನ್ನ. ಹಸಿರು ಮಸಾಲೆ ಅರೆದು, ಜೀರಿಗೆ ಸಣ್ಣ ಎನ್ನುವ ಅಕ್ಕಿಯ ಜೊತೆ ದೊಡ್ಡ ದೊಡ್ಡ ಮೀನಿನ ತುಂಡುಗಳನ್ನು ಕೂರಿಸಿ, ಮುಚ್ಚಳದ ಮೇಲೆ ಕೆಂಡ ಸುರಿದು ಬೇಯಿಸುವುದು. ಅದರಲ್ಲಿ ಉಪ್ಪು ತಪ್ಪಿದರೆ ಕಾಪಾಡುವವರು ಯಾರೂ ಇಲ್ಲ. ಮೇಲಿಂದ ಉಪ್ಪು ಉದುರಿಸಿ ಕಲಸಲು ಹೋದರೆ ಮೀನು ಒಡೆದು ಮುಳ್ಳೆಲ್ಲ ಅನ್ನಕ್ಕೆ ಸೇರುತ್ತದೆ.

ಮೀನನ್ನ ಇಷ್ಟವಾಗಿದ್ದದ್ದು ನನ್ನ ಮಾವನಿಗೆ. ನಾನು ಬಂದ ಮೇಲೆ ಏಳು ವರ್ಷ ಇದ್ದರು. ಮಾತು ಕಡಿಮೆ, ಊಟ ನಿಧಾನ. ಹಿನ್ನೀರಿನ ಕಡೆ ತಾವೇ ಹೋಗಿ, ಆಗ ತಾನೇ ಬಲೆಯಿಂದ ಬಿಡಿಸಿದ ಕಾಟ್ಲಾ ಮೀನನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ನಮ್ಮೂರು ಹಂಪಾಪುರದ ಬೀದಿಯಲ್ಲಿ ಎಲ್ಲರಿಗೂ ಕಾಣುವಂತೆ ಬರುತ್ತಿದ್ದರು. ಆ ದಿನ ಅತ್ತೆಯ ಮುಖ ನೋಡಬೇಕಿತ್ತು. ಬಯ್ಯುತ್ತ ಬಯ್ಯುತ್ತಲೇ ಬೂದಿ ತಂದು, ಕಲ್ಲಿನ ಮೇಲೆ ಮೀನನ್ನು ಉಜ್ಜಿ ತೊಳೆದು, ಒಂದು ಹಾಡು ಗುನುಗುತ್ತ ಮಸಾಲೆ ಅರೆಯಲು ಕೂರುತ್ತಿದ್ದರು.

ಅತ್ತೆ ಉಪ್ಪು ನೋಡುತ್ತಿದ್ದದ್ದು ಮೂಗಿನಿಂದ. ಸುಳ್ಳಲ್ಲ. ಮಸಾಲೆ ನೀರು ಕುದಿಯುವಾಗ ಸೌಟಿನಲ್ಲಿ ಒಂದಿಷ್ಟು ಎತ್ತಿ, ಹಬೆಯನ್ನು ಒಮ್ಮೆ ಎಳೆದುಕೊಂಡು, "ಇನ್ನೊಂದ್ ಚೂರು" ಎನ್ನುವರು, ಇಲ್ಲವೇ "ಸಾಕು" ಎನ್ನುವರು. ಅಷ್ಟೇ. ಒಂದು ದಿನವೂ ತಪ್ಪಿದ್ದಿಲ್ಲ. ದೇವರ ನೈವೇದ್ಯವಾದರೆ ಮೂಸುವುದೂ ತಪ್ಪಂತೆ. ನಮ್ಮ ಹಿರಿಯರು ಅಷ್ಟು ಕಟ್ಟುನಿಟ್ಟಿನವರಲ್ಲ, ಮೂಗಿಗೆ ರಿಯಾಯಿತಿ ಕೊಟ್ಟಿದ್ದಾರೆ. ನಾನು ಎಷ್ಟು ಮೂಸಿದರೂ ನನಗೆ ಬರೀ ಪುದೀನ ವಾಸನೆ ಬರುತ್ತಿತ್ತು. ಹಾಗಾಗಿ ಹಿರಿಯರ ಹಬ್ಬದ ದಿನ ನಾನು ಈರುಳ್ಳಿ ಹೆಚ್ಚುವವಳು, ಕಾಯಿ ತುರಿಯುವವಳು. ಒಲೆಯ ಮುಂದೆ ಅತ್ತೆ.

ಮಾವ ಹೋದ ಮೇಲೆ ಎಡೆಯಲ್ಲಿ ಮೀನನ್ನದ ಎಲೆ ಅವರದಾಯಿತು. ಎಡೆ ಇಡುವುದು ಹಿರಿಯಣ್ಣನ ಮನೆಯಲ್ಲಿ, ಅಂದರೆ ನಮ್ಮಲ್ಲಿ. ಮಾವನ ತಮ್ಮ, ನನ್ನ ಚಿಕ್ಕಮಾವ, ಹೆಂಡತಿಯೊಂದಿಗೆ ನಮ್ಮ ತಾಲ್ಲೂಕು ಪಟ್ಟಣವಾದ ಕೋಟೆಯಿಂದ ಬರುತ್ತಾರೆ. ಅವರು ಅಲ್ಲಿ ಹೊಸ ಮನೆ ಕಟ್ಟಿಸಿದ್ದಾರೆ. ನೆಲವೆಲ್ಲ ನುಣುಪು, ಅಡುಗೆಮನೆಯಲ್ಲಿ ಹೊಗೆ ಎಳೆಯುವ ಯಂತ್ರ. ಚಿಕ್ಕತ್ತೆ ಕೆಟ್ಟವರಲ್ಲ. ಎಲ್ಲವೂ ತಮ್ಮ ಮನೆಯಲ್ಲಿ ಇನ್ನೂ ಚೆನ್ನಾಗಿ ಆಗುತ್ತದೆ ಎಂಬುದೊಂದು ನಂಬಿಕೆ ಅವರಿಗೆ, ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳುವುದೊಂದು ಅಭ್ಯಾಸ.

ಊರಿಗೆಲ್ಲ ಕೊರೊನಾ ಬಂದ ವರ್ಷ ಅತ್ತೆಗೂ ಬಂತು. ಹದಿನೈದು ದಿನ ಒಳಕೋಣೆಯಲ್ಲಿ ಮಲಗಿ ಎದ್ದರು. ಆ ವರ್ಷದ ಮೀನನ್ನ ಬಾಯಿಗಿಡಲಾಗದಷ್ಟು ಉಪ್ಪು. ಚಿಕ್ಕತ್ತೆ ಒಂದು ತುತ್ತು ನುಂಗಿ, ಮೂರು ಲೋಟ ನೀರು ಕುಡಿದು, "ಏನಕ್ಕ, ಬಾವ ಸಮುದ್ರದ ಮೀನು ಕೇಳಿದ್ರಾ?" ಎಂದರು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ಮರುವರ್ಷ ಹೆದರಿಕೆಗೋ ಏನೋ ಬರೀ ಸಪ್ಪೆ. ಆಗ ಯಾರೂ ನಗಲಿಲ್ಲ. ಕೈತೊಳೆದು ಎಲೆ ಅಡಿಕೆ ಹಾಕಿಕೊಳ್ಳುವಾಗ ಚಿಕ್ಕತ್ತೆ ಮೆಲ್ಲಗೆ ಮಾತು ತೆಗೆದರು.

"ಅಕ್ಕ, ನಿಮಗೂ ವಯಸ್ಸಾಯ್ತು. ಒಲೆ ಮುಂದೆ ಯಾಕೆ ಬೇಯ್ಬೇಕು? ಮುಂದ್ಲೊರ್ಸನೂ ನಿಮ್ ಕೈಲಿ ಆಗ್ನಿಲ್ಲ ಅಂದ್ರೆ ಎಡೆ ನಮ್ಮನೇಲೇ ಇಟ್ಕಳನ ಬುಡಿ. ವರ್ಸಕ್ಕೊಂದು ಸಲ ಬರೋ ಹಿರೀಕರ್ಗೆ ಒಂದ್ ತುತ್ತು ರುಚಿಯಾಗಿ ಇಕ್ಕದೆ ಇದ್ರೆ ಎಂಗೆ?"

ಚಿಕ್ಕಮಾವ ಹೆಂಡತಿಯ ಕಡೆಯೂ ನೋಡಲಿಲ್ಲ, ಅತ್ತಿಗೆಯ ಕಡೆಯೂ ನೋಡಲಿಲ್ಲ. ಬೇಡ ಎಂದು ಮಾತ್ರ ಹೇಳಲಿಲ್ಲ. ನನ್ನ ಗಂಡ ಅಡಿಕೆ ಕತ್ತರಿಸುತ್ತ ಕೂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟೂ ದಿನ ಅತ್ತೆಯ ಮೇಲೆ ನನಗೆ ನೂರು ದೂರು ಇದ್ದವು. ಆ ಗಳಿಗೆಯಲ್ಲಿ ಒಂದೂ ನೆನಪಾಗಲಿಲ್ಲ.

ಅವರು ಕಾರು ಹತ್ತಿ ಹೋದ ಮೇಲೆ ಅತ್ತೆ ಜಗಲಿಯ ಮೇಲೆ ಕೂತರು. ಆಮೇಲೆ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, "ಅವರು ಬರೋದು ಈ ಬಾಗ್ಲಿಗೆ ಕಣವ್ವ. ಕೋಟೆ ಮನೆ ಕಟ್ಟಕೆ ಮುಂಚೇನೇ ಓಗ್ಬುಟ್ರು. ಆ ದಾರಿ ಅವರಿಗೆ ಎಂಗ್ ಗೊತ್ತಾಯ್ತದೆ?" ಎಂದರು.

ನಾನು ಇದನ್ನೆಲ್ಲ ಅಷ್ಟಾಗಿ ನಂಬುವವಳಲ್ಲ. ಸತ್ತವರು ಬಾಗಿಲು ತಳ್ಳಿಕೊಂಡು ಬರುವುದನ್ನು ನಾನು ಕಂಡಿಲ್ಲ. ಆದರೆ ಆ ಮಾತು ಕೇಳಿ ಕಣ್ಣು ತುಂಬಿತು. ವರ್ಷಕ್ಕೊಂದು ದಿನ ಅವರ ಗಂಡ ಮನೆಗೆ ಬರುವುದು. ಆ ದಿನವನ್ನು ಕೋಟೆಗೆ ಎತ್ತಿಕೊಂಡು ಹೋದರೆ ಈ ಹೆಂಗಸಿಗೆ ಉಳಿಯುವುದು ಏನು?

ಅತ್ತೆಯ ಗುಟ್ಟು ನನಗೆ ಗೊತ್ತಾದದ್ದು ಮರುವರ್ಷ, ಹಬ್ಬಕ್ಕೆ ಇನ್ನೂ ಒಂದೂವರೆ ತಿಂಗಳು ಇರುವಾಗ. ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ. ಹಾಲು ಸೀದ ವಾಸನೆ ಅಲ್ಲಿಯವರೆಗೂ ಬಂತು. ಓಡಿಬಂದು ನೋಡಿದರೆ ಅತ್ತೆ ಒಲೆಯಿಂದ ಎರಡು ಮಾರು ದೂರದಲ್ಲಿ, ಬೆನ್ನು ತಿರುಗಿಸಿ ಕೂತು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಾರೆ. ಪಾತ್ರೆಯ ತಳ ಇದ್ದಿಲಿನ ಹಾಗೆ ಕಪ್ಪಾಗಿದೆ, ಅಡುಗೆಮನೆ ತುಂಬ ಕಮಟು. ನನಗೆ ಬಾಯಿ ಜಾಸ್ತಿ ಎಂದು ಊರಿಗೇ ಗೊತ್ತು.

"ಪಕ್ಕದಲ್ಲೇ ಕೂತಿದೀರಲ್ಲ ಅತ್ತೆ, ವಾಸ್ನೆ ಬರ್ನಿಲ್ವಾ? ಮೂಗೇನು ಗೂಟಕ್ಕೆ ನೇತಾಕಿದೀರಾ?" ಎಂದು ಕೂಗಿಬಿಟ್ಟೆ.

ಅವರು ತಿರುಗಿ ಬೈಯಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

"ಬರ್ನಿಲ್ಲ ಕಣಮ್ಮಿ. ಆ ಜ್ವರ ಬಂದೋದಾಗಿಂದ ನಂಗೆ ಯಾವ ವಾಸ್ನೇನೂ ಬತ್ತಿಲ್ಲ. ಮಲ್ಗೆ ಊವೂ ಇಲ್ಲ, ಸಗಣೀನೂ ಇಲ್ಲ. ನಾಲ್ಗೇನೂ ಅಷ್ಟಕ್ಕಷ್ಟೆ. ಯಾರ್ಗೂ ಏಳ್ಬೇಡ."

ನಾನು ಅವರ ಪಕ್ಕ ನೆಲದ ಮೇಲೇ ಕೂತುಬಿಟ್ಟೆ. ಎರಡು ವರ್ಷ ಈ ಹೆಂಗಸು ಏನೂ ಆಗದವರ ಹಾಗೆ ಸೌಟಿನ ಹಬೆಗೆ ಮೂಗು ಒಡ್ಡಿ, ಹಿಂದಿನ ಅಭ್ಯಾಸದ ಮೇಲೆ "ಇನ್ನೊಂದ್ ಚೂರು" ಎಂದೋ "ಸಾಕು" ಎಂದೋ ಅಂದಾಜಿನಲ್ಲಿ ಹೇಳಿದ್ದಾರೆ. ದಿನದ ಅಡುಗೆ ನಾನು ಮಾಡುವುದರಿಂದ ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ಹಬ್ಬದ ದಿನ ಮಾತ್ರ ಬಯಲಾಗಿದೆ, ಆಗಲೂ ಕಾರಣ ಬಯಲಾಗಿಲ್ಲ. ಅವರನ್ನು ಬೈದ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ನಿಮ್ಮ ಮೂಗು ಹೋದ್ರೆ ಹೋಯ್ತು ಬುಡಿ. ನಂದು ಅದೆಯಲ್ಲ. ಕಲಿಸಿ" ಎಂದೆ.

ಇಲ್ಲಿ ನನ್ನ ತವರಿನ ಮಾತು ಸ್ವಲ್ಪ ಹೇಳಬೇಕು. ನಾನು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಮನೆಯವಳು. ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನು ಎನ್ನುವ ಒಣಗಿಸುವ ಮನೆಯಲ್ಲಿ ನೇತುಹಾಕಿ, ಕೆಳಗೆ ಸೌದೆ ಉರಿಸಿ ಬಿಸಿಯಲ್ಲೇ ಹದ ಮಾಡುತ್ತಾರೆ. ಗೋಡೆಗೆ ಶಾಖ ತೋರಿಸುವ ಕಡ್ಡಿ ಇದ್ದರೂ ನಮ್ಮಪ್ಪ ಅದನ್ನು ನಂಬುತ್ತಿರಲಿಲ್ಲ. ಕಿಂಡಿಯ ಹತ್ತಿರ ನನ್ನನ್ನು ನಿಲ್ಲಿಸಿ, "ಮೂಸು, ಏನ್ ವಾಸ್ನೆ?" ಎನ್ನುತ್ತಿದ್ದರು. ಹಸಿ ಹುಲ್ಲಿನ ವಾಸನೆ ಎಂದರೆ ಇನ್ನೂ ಬಾಡಿಲ್ಲ. ಒಣಹುಲ್ಲಿನ ಸಿಹಿ ಬಂದರೆ ಉರಿ ಏರಿಸಬೇಕು. ಸುಟ್ಟ ಬೆಲ್ಲದ ವಾಸನೆ ಬಂದರೆ ಕೆಟ್ಟೆವು. ಮೂಗನ್ನು ನಂಬುವುದು ನನಗೆ ಹೊಸದಲ್ಲ. ಅಡುಗೆಗೆ ಅದನ್ನು ಬಳಸಿರಲಿಲ್ಲ, ಅಷ್ಟೇ.

ಅಳತೆ ಇಟ್ಟುಕೊಂಡರೆ ಆಗದೇ ಎಂದು ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡೆ. ಒಂದು ಸೇರು ಅಕ್ಕಿಗೆ ಇಷ್ಟು ಚಮಚ ಎಂದು ಗೋಡೆಯ ಮೇಲೆ ಬರೆದಿಡುವುದು. ಆದರೆ ನಮ್ಮ ಮನೆಯಲ್ಲಿ ಹಬ್ಬದಡುಗೆಗೆ ಹರಳುಪ್ಪೇ ಆಗಬೇಕು. ಒಂದು ಹರಳು ದಪ್ಪ, ಒಂದು ಸಣ್ಣ. ಮೋಡ ಹಾಕಿದ ದಿನ ಅದು ನೀರು ಬಿಟ್ಟು ಭಾರವಾಗುತ್ತದೆ. ಮೀನಿಗೆ ಸವರಿದ ಉಪ್ಪು ಎಷ್ಟು ಅನ್ನಕ್ಕೆ ಇಳಿಯುತ್ತದೆ ಎಂಬುದನ್ನು ಮೀನೇ ಹೇಳಬೇಕು. ಮೂರು ಸಲ ಅಳತೆಯಲ್ಲಿ ಮಾಡಿದೆ, ಮೂರು ಸಲವೂ ಮೂರು ರುಚಿ. ಚಮಚವನ್ನು ಎಸೆದೆ.

ಆಮೇಲೆ ನಮ್ಮ ಪಾಠ ಶುರುವಾಯಿತು. ಹೇಳಿಕೊಡುವವರಿಗೆ ಮೂಗಿಲ್ಲ, ಕಲಿಯುವವಳಿಗೆ ತಾಳ್ಮೆಯಿಲ್ಲ. ಅತ್ತೆ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು, ನೆನಪಿನಿಂದ ವಾಸನೆಗಳನ್ನು ಹೇಳುವರು.

"ಉಪ್ಪು ಕಮ್ಮಿ ಇದ್ರೆ ಒಂದೊಂದೂ ಬೇರೆ ಬೇರೆ ಬತ್ತದೆ ಕಣಮ್ಮಿ. ಬೆಳ್ಳುಳ್ಳಿ ಒಂದ್ ಕಡೆ, ಚಕ್ಕೆ ಒಂದ್ ಕಡೆ, ಪುದೀನ ಒಂದ್ ಕಡೆ. ಜಗಳ ಆಡ್ಕಂಡಿರೋ ಓರಗಿತ್ತೀರ್ ತರ. ಉಪ್ಪು ಸರಿಯಾಯ್ತು ಅನ್ನು, ಎಲ್ಲಾ ಸೇರ್ಕಂಡು ಒಂದೇ ವಾಸ್ನೆ ಆಯ್ತದೆ. ಜಾಸ್ತಿ ಆದ್ರೆ ಮೂಗಲ್ಲಿ ನಿಲ್ಲಾಕಿಲ್ಲ, ಗಂಟ್ಲಿಗೆ ಇಳೀತದೆ."

ದಿನವೂ ಸಾರೋ, ಪಲ್ಯವೋ, ಬಾತೋ, ಏನು ಕುದಿಯುತ್ತಿದ್ದರೂ ಮೊದಲು ಮೂಸಿ ಹೇಳುವುದು, ಆಮೇಲೆ ನಾಲಿಗೆಗೆ ಹಾಕಿ ನೋಡುವುದು. ಮೊದಲ ವಾರ ಪೂರ್ತಿ ತಪ್ಪು. ನಾನು ಸಾಕು ಎಂದದ್ದು ಸಪ್ಪೆ, ಬೇಕು ಎಂದದ್ದು ಉಪ್ಪು. ತಪ್ಪಿದರೂ ತಿದ್ದಬಾರದು ಎಂದು ಅತ್ತೆಯ ಕಟ್ಟಪ್ಪಣೆ. ತಿದ್ದಲು ಹೋದರೆ ನಾಲಿಗೆಗೇ ಕೆಲಸ ಹೋಗುತ್ತದೆ, ಮೂಗು ಸೋಮಾರಿಯಾಗುತ್ತದೆ ಎಂದು. ಹಾಗಾಗಿ ಗದ್ದೆಯಿಂದ ಹಸಿದು ಬಂದ ನನ್ನ ಗಂಡ ಎಲ್ಲವನ್ನೂ ತಿನ್ನಬೇಕಾಯಿತು. ಒಂದು ದಿನ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿ, "ಪರೀಕ್ಷೆ ನಡೀತಿರೋದು ನಿಂಗಾ, ನಂಗಾ?" ಎಂದರು. ಅತ್ತೆಗೆ ನಗು ತಡೆಯಲಾಗಲಿಲ್ಲ. ಗಂಡನಿಗೆ ಕಾರಣ ಹೇಳಿರಲಿಲ್ಲ. ಹೇಳಿದ್ದರೆ ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತಿತ್ತು.

ಮೂರನೆಯ ವಾರ ಒಂದು ಬೆಳಗ್ಗೆ ಅವರೆಕಾಳಿನ ಸಾರು ಕುದಿಯುತ್ತಿತ್ತು. ಹಬೆ ಎಳೆದೆ. ಬೆಳ್ಳುಳ್ಳಿ ಬೇರೆ, ಕೊತ್ತಂಬರಿ ಬೇರೆ. ನಾಲ್ಕು ಹರಳು ಹಾಕಿ ತಿರುವಿ ಮತ್ತೆ ಎಳೆದೆ. ಎರಡೂ ಹೋಗಿ ಬರೀ ಸಾರಿನ ವಾಸನೆ ಇತ್ತು. ಬ್ಯಾರನ್ನಿನ ಕಿಂಡಿಯಲ್ಲಿ ಹಸಿ ಹುಲ್ಲು ಹೋಗಿ ಸಿಹಿ ಬರುವ ಹಾಗೆಯೇ, ಒಂದೇ ಉಸಿರಿನಲ್ಲಿ ಬದಲಾಗಿತ್ತು. ನಾಲಿಗೆಗೆ ಹಾಕಿ ನೋಡಿದೆ. ಸರಿಯಾಗಿತ್ತು. ಸೌಟು ಹಿಡಿದುಕೊಂಡೇ ಕಿರುಚಿದೆ. ಅತ್ತೆ ಹಾವು ಬಂತೆಂದು ಎದ್ದು ನಿಂತರು.

ಹಬ್ಬದ ದಿನ ಬೆಳಗ್ಗೆ ನನ್ನ ಗಂಡ ಮೂರೂವರೆ ಕೆ.ಜಿ. ಕಾಟ್ಲಾ ತಂದರು. ಕಿವಿರು ಕೆಂಪಗಿತ್ತು, ಕಣ್ಣು ಹೊಳೆಯುತ್ತಿತ್ತು. ಬೂದಿ ಹಾಕಿ ಉಜ್ಜಿ, ಈಳಿಗೆಮಣೆಯಲ್ಲಿ ಕೊಯ್ದು, ತಲೆ ಮತ್ತು ಹೊಟ್ಟೆಯ ಭಾಗವನ್ನು ಸಾರಿಗೆ ತೆಗೆದಿಟ್ಟೆ. ಮೀನನ್ನಕ್ಕೆ ಬೆನ್ನಿನ ಗಟ್ಟಿ ತುಂಡುಗಳೇ ಆಗಬೇಕು. ಅರಿಶಿನ, ಉಪ್ಪು, ಖಾರದ ಪುಡಿ, ನಿಂಬೆರಸ ಸವರಿ ನೆನೆಯಲು ಬಿಟ್ಟೆ. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿದೆ. ನಮ್ಮಲ್ಲಿ ಮೀನು ಒಳಗಿನ ಒಲೆ ಏರುವುದಿಲ್ಲ. ಅತ್ತೆ ಹಳೆಯ ಹಿತ್ತಾಳೆಯ ತಪ್ಪಲೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ ತಂದಿಟ್ಟರು. ಅದಕ್ಕೆ ಒಂದು ವಾರದ ಹಿಂದೆ ಕಲಾಯಿ ಹಾಕಿಸಿದ್ದೆವು.

ಹತ್ತು ಗಂಟೆಗೆ ಕೋಟೆಯ ಕಾರು ಬಂತು. ಚಿಕ್ಕತ್ತೆ ರೇಷ್ಮೆ ಸೀರೆಯಲ್ಲಿ, ಕೈಯಲ್ಲಿ ದೊಡ್ಡ ಟಿಫನ್ ಕ್ಯಾರಿಯರ್.

"ಏನೂ ಇಲ್ಲ ಕಣವ್ವ, ಸುಮ್ನೆ ಒಂದಿಷ್ಟು ಮೀನ್ ಪಲಾವು ಮಾಡ್ಕಂಡ್ ಬಂದೆ. ಯಾತ್ಕಾದ್ರೂ ಇರ್ಲಿ ಅಂತ" ಎಂದರು.

ಯಾತಕ್ಕಾದರೂ ಎಂದರೆ ಯಾತಕ್ಕೆ ಎಂದು ನನಗೆ ಅರ್ಥವಾಗದೇ? ಕ್ಯಾರಿಯರನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯ ಮೇಲಿನ ಹಲಗೆಗೆ ಸೇರಿಸಿದೆ. ನಗುತ್ತಲೇ ಸೇರಿಸಿದೆ.

ಮೀನಿನ ತುಂಡುಗಳನ್ನು ಎಣ್ಣೆಯಲ್ಲಿ ಹೊರಮೈ ಬಿಗಿಯುವಷ್ಟು ಮಾತ್ರ ಹುರಿದು ತೆಗೆದೆ. ಅದೇ ಎಣ್ಣೆಗೆ ಚಕ್ಕೆ, ಲವಂಗ, ಈರುಳ್ಳಿ. ಆಮೇಲೆ ಕಲ್ಲಿನಲ್ಲಿ ಅರೆದ ಮಸಾಲೆ: ಕೊತ್ತಂಬರಿ, ಪುದೀನ, ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ, ಒಂದು ಹಿಡಿ ಕಾಯಿ, ಸ್ವಲ್ಪ ಗಸಗಸೆ. ಎಣ್ಣೆ ಬಿಡುವ ತನಕ ಹುರಿದು ನೀರು ಎಸರಿಟ್ಟೆ. ಹರಳುಪ್ಪು ಹಾಕಿದೆ. ನೀರು ಕೊತಕೊತ ಕುದಿಯತೊಡಗಿತು. ಅಕ್ಕಿ ಹಾಕುವ ಮೊದಲು ಉಪ್ಪು ನೋಡುವ ಗಳಿಗೆ ಅದು. ಅಕ್ಕಿ ಬಿದ್ದ ಮೇಲೆ ಏನೂ ಮಾಡಲಾಗದು.

ಹಬೆ ಎಳೆದೆ. ಚಕ್ಕೆ ಇನ್ನೂ ಬೇರೆ ನಿಂತಿತ್ತು. ಸ್ವಲ್ಪ ಉಪ್ಪು ಹಾಕಿ, ತಿರುವಿ, ಮತ್ತೆ ಎಳೆದೆ. ಎಲ್ಲವೂ ಕೂಡಿಕೊಂಡಿತ್ತು. ಮೀನಿನಿಂದ ಇಳಿಯುವ ಉಪ್ಪಿಗೂ ಜಾಗವಿತ್ತು.

ಅಷ್ಟರಲ್ಲಿ ಚಿಕ್ಕತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಒಲೆಯ ಬಳಿಗೇ ಬಂದರು. "ಇದ್ಯಾಕೆ, ಇವ್ಳು ಮೂಸ್ತಾವ್ಳೆ? ಅಕ್ಕ, ನೀವೇ ನೋಡಿ ಏಳ್ಬಾರ್ದಾ? ಇವ್ಳಿಗೇನ್ ಗೊತ್ತಾಯ್ತದೆ, ಹೊಗೆಸೊಪ್ಪಿನೂರವಳು" ಎಂದು ನನ್ನ ಕೈಯಿಂದ ಸೌಟು ತೆಗೆದುಕೊಂಡು, ತಪ್ಪಲೆಯಿಂದ ಒಂದಿಷ್ಟು ಎತ್ತಿ ಅತ್ತೆಯ ಮೂಗಿನ ಮುಂದೆ ಹಿಡಿದರು. ಚಿಕ್ಕಮಾವ, ನನ್ನ ಗಂಡ ಇಬ್ಬರೂ ಹಿತ್ತಿಲ ಬಾಗಿಲಲ್ಲಿ ನಿಂತಿದ್ದರು.

ಅತ್ತೆ ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ಸಾಕು ಎಂದೆ. ಹಬೆಗೆ ಅವರ ಕನ್ನಡಕ ಮಂಜಾಗಿತ್ತು. ಕಂಡಿತೋ ಇಲ್ಲವೋ. ಅವರು ಹಬೆ ಎಳೆದುಕೊಂಡ ಹಾಗೆ ಮಾಡಿ, ಹಿಂದೆ ಎಷ್ಟೋ ವರ್ಷ ಹೇಳಿದ ಗತ್ತಿನಲ್ಲೇ ಹೇಳಿದರು.

"ಸಾಲ್ದು. ಇನ್ನೊಂದ್ ಇಡಿ ಆಕು."

ಒಂದು ಹಿಡಿ! ಒಂದು ಹಿಡಿ ಹಾಕಿದರೆ ಕೊರೊನಾ ವರ್ಷದ ಸಮುದ್ರವೇ. ಹಾಕದಿದ್ದರೆ, ಬೇಡ ಅತ್ತೆ ಎಂದು ಒಂದು ಮಾತು ಆಡಿದರೆ, ಯಾಕೆ ಎಂದು ಚಿಕ್ಕತ್ತೆ ಕೇಳುತ್ತಾರೆ. ಅತ್ತೆಗೆ ಮೂಗಿಲ್ಲ ಎಂಬುದು ಅಲ್ಲೇ, ಎಡೆ ಇಡುವ ಮೊದಲೇ, ಎಲ್ಲರೆದುರು ಬಯಲಾಗುತ್ತದೆ. ಹಲಗೆಯ ಮೇಲಿನ ಕ್ಯಾರಿಯರ್ ಕೆಳಗಿಳಿಯುತ್ತದೆ. ನನಗೆ ಅಳುವಷ್ಟು ಕೋಪ ಬಂತು. ಚಿಕ್ಕತ್ತೆಯ ಮೇಲೆ, ಸಾಕು ಎನ್ನಲಾರದ ಅತ್ತೆಯ ಮೇಲೆ, ಬಾಗಿಲಲ್ಲಿ ಕಂಬದ ಹಾಗೆ ನಿಂತ ಗಂಡನ ಮೇಲೆ.

ಭರಣಿಗೆ ಕೈ ಹಾಕಿದೆ. ಎಲ್ಲರಿಗೂ ಕಾಣುವಂತೆ ಹಿಡಿ ತುಂಬ ಹರಳುಪ್ಪು ತೆಗೆದೆ. ತಪ್ಪಲೆಯ ಮೇಲೆ ಕೈ ಚಾಚಿದೆ. ದಟ್ಟವಾದ ಹಬೆ ಮೊಣಕೈಯವರೆಗೂ ಮುಚ್ಚಿಕೊಂಡಿತು. ಅದರೊಳಗೆ ಮುಷ್ಟಿಯನ್ನು ಒಮ್ಮೆ ಕೊಡವಿದೆ, ಬೆರಳು ಬಿಚ್ಚಲಿಲ್ಲ. ಇನ್ನೊಂದು ಕೈಯಲ್ಲಿ ಸೌಟು ಇಸಿದುಕೊಂಡು ಜೋರಾಗಿ ತಿರುವಿದೆ. ಉಪ್ಪಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಬಿಸಿ ಹಬೆಗೆ ಬೆರಳುಗಳ ಮೇಲ್ಮೈ ಕೆಂಪಾಗಿ ಉರಿಯುತ್ತಿತ್ತು, ಒಳಗೆ ಹರಳು ಕರಗಿ ಅಂಗೈ ಒದ್ದೆಯಾಗುತ್ತಿತ್ತು.

"ಹಾಕ್ದೆ ಅತ್ತೆ" ಎಂದೆ.

ಚಿಕ್ಕತ್ತೆಗೆ ತೃಪ್ತಿಯಾಯಿತು. "ನೋಡ್ದಾ, ಏನೇ ಆದ್ರೂ ಹಳೇ ಕೈ ಹಳೇ ಕೈಯೇ" ಎಂದು ಒಳಗೆ ಹೋದರು. ಅತ್ತೆ ಮಾತ್ರ ಅಲ್ಲೇ ನಿಂತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡು, ನನ್ನ ಸೆರಗಿನೊಳಗಿನ ಮುಷ್ಟಿಯನ್ನು ನೋಡಿದರು. ನಾನು ಬಚ್ಚಲಿನ ಕಡೆ ಹೋಗಿ ಕೈ ತೊಳೆದು ಬಂದೆ.

ಅಕ್ಕಿ ಹಾಕಿ, ನೀರು ಇಂಗುವ ಹೊತ್ತಿಗೆ ಮೀನಿನ ತುಂಡುಗಳನ್ನು ಒಂದೊಂದಾಗಿ ಅನ್ನದೊಳಗೆ ಕೂರಿಸಿ, ಮೇಲೆ ಬಾಳೆ ಎಲೆ ಮುಚ್ಚಿ, ಮುಚ್ಚಳದ ಮೇಲೆ ಕೆಂಡ ಹರವಿದೆ. ಅಡಿಯ ಉರಿಯನ್ನು ಎಳೆದು ಬಿಟ್ಟೆ. ಇದು ಬ್ಯಾರನ್ನಿನ ಕೆಲಸ, ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಳದಿಂದ ಬರುವ ಚಟಚಟ ಸದ್ದು ನಿಂತು ತುಪ್ಪದಂಥ ವಾಸನೆ ಮೇಲೆದ್ದಾಗ ತಪ್ಪಲೆ ಇಳಿಸಿದೆ. ಎಲೆ ತೆಗೆದೆ. ಅನ್ನ ಉದುರುದುರಾಗಿ ಹಸಿರಾಗಿತ್ತು. ಒಂದು ತುಂಡೂ ಒಡೆದಿರಲಿಲ್ಲ.

ಎಡೆ ಇಟ್ಟೆವು. ಮಾವನ ಫೋಟೋ ಮುಂದಿನ ಎಲೆಗೆ ಮೀನನ್ನವನ್ನು ಅತ್ತೆಯೇ ಬಡಿಸಿದರು. ಸಾಂಬ್ರಾಣಿ ಹೊಗೆ ಹಾಕಿ, ಎಲ್ಲರೂ ಅಡ್ಡಬಿದ್ದು, ಬಾಗಿಲು ಮುಂದೆ ಮಾಡಿ ಜಗಲಿಯಲ್ಲಿ ಕೂತೆವು. ಆ ಹತ್ತು ನಿಮಿಷ ನನಗೆ ಯುಗವಾಯಿತು. ಒಳಗೆ ಮಾವ ಉಣ್ಣುತ್ತಿದ್ದಾರೋ ಇಲ್ಲವೋ, ಉಂಡು ಮುಖ ಕಿವುಚಿದರೋ ಏನೋ ಎಂದು ನಂಬಿಕೆಯಿಲ್ಲದ ನಾನೇ ಕಿವಿಗೊಟ್ಟು ಕೂತಿದ್ದೆ.

ಊಟಕ್ಕೆ ಕೂತಾಗ ಚಿಕ್ಕಮಾವನ ಎಲೆಗೆ ಮೊದಲು ಬಡಿಸಿದೆ. ಅವರು ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದರು. ಇನ್ನೊಂದು ತುತ್ತು ಹಾಕಿಕೊಂಡರು. ಮೀನನ್ನು ಮುರಿದು ಬಾಯಿಗಿಟ್ಟರು. ಎಲೆಯಲ್ಲಿದ್ದದ್ದು ಮುಗಿಯುವ ತನಕ ತಲೆ ಎತ್ತಲಿಲ್ಲ. ಆಮೇಲೆ ಎಲೆಯನ್ನು ನನ್ನ ಕಡೆಗೆ ಸ್ವಲ್ಪ ಸರಿಸಿ, "ಇನ್ನೊಂದಿಷ್ಟು ಆಕವ್ವ. ಅಣ್ಣ ಇದ್ದಾಗ ಉಂಡಂಗಾಯ್ತು" ಎಂದರು. ಆಗ ನಾನೂ ಒಂದು ಅಗುಳು ಬಾಯಿಗೆ ಹಾಕಿಕೊಂಡೆ. ಉಪ್ಪು, ಖಾರ, ಹುಳಿ, ಮೀನು ಎಲ್ಲವೂ ಇರಬೇಕಾದ ಜಾಗದಲ್ಲೇ ಇದ್ದವು. ನಾಚಿಕೆ ಬಿಟ್ಟು ಹೇಳುತ್ತೇನೆ, ಇಂಥ ಮೀನನ್ನವನ್ನು ನನ್ನ ಜೀವಮಾನದಲ್ಲೇ ತಿಂದಿರಲಿಲ್ಲ. ಕುಣಿಯಬೇಕು ಅನ್ನಿಸಿತು.

ಚಿಕ್ಕತ್ತೆಯೂ ಎರಡನೆಯ ಸಲ ಹಾಕಿಸಿಕೊಂಡರು. ಬೆರಳು ನೆಕ್ಕುತ್ತ, "ಏನೇ ಏಳಿ, ಕೊನೇಲಿ ಅಕ್ಕ ಆ ಒಂದ್ ಇಡಿ ಉಪ್ಪು ಆಕ್ಸಿದ್ದಕ್ಕೆ ಕಣ್ರೀ ಇಷ್ಟು ರುಚಿಗೆ ಬಂದಿರೋದು. ಇಲ್ದಿದ್ರೆ ಸಪ್ಪೆ ಆಗಿರೋದು" ಎಂದರು.

ನನಗೆ ನಗು ಉಕ್ಕಿ ಬಂತು. ಕೆಳತುಟಿ ಕಚ್ಚಿಕೊಂಡು ಸಾರಿನ ಪಾತ್ರೆಗೆ ಕೈ ಹಾಕಿದೆ. ಆ ಹೊಗಳಿಕೆಯನ್ನು ಅತ್ತೆ ಸುಮ್ಮನೆ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿ ಎಂದೇ ನಾನು ಮುಷ್ಟಿ ಬಿಗಿಹಿಡಿದದ್ದು. ಎಡೆ ಉಳಿಯಿತು, ಗುಟ್ಟೂ ಉಳಿಯಿತು, ಇನ್ನೇನು ಬೇಕು?

ಅತ್ತೆ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು.

"ಆ ಉಪ್ಪು ಬೀಳ್ಲೇ ಇಲ್ಲ ಕಣವ್ವ" ಎಂದರು ಓರಗಿತ್ತಿಗೆ. "ಇವ್ಳು ಕೈ ಬಿಚ್ನಿಲ್ಲ. ನಂಗೆ ಮೂಗು ಸತ್ತು ಎರಡು ವರ್ಸ ದಾಟ್ತು. ಆ ಜ್ವರದಲ್ಲೇ ಓಯ್ತು. ಸುಮ್ನೆ ಬಾಯಿಗ್ ಬಂದಂಗೆ ಏಳ್ದೆ, ನನ್ ಮಾನ ಉಳಿಸಕೆ ಇವ್ಳು ಕೈ ಬೇಯಿಸ್ಕಂಡ್ಳು. ಮಾಡ್ದೋಳು ನನ್ ಸೊಸೆ. ಉಪ್ಪೂ ಅವ್ಳದೇ, ಉರೀನೂ ಅವ್ಳದೇ. ನಾನು ತಪ್ಪಲೆ ಬೆಳಗ್ದೆ, ಅಷ್ಟೆ."

ನನ್ನ ಗಂಡ ಬಾಯಿ ತೆರೆದುಕೊಂಡು ತಾಯಿಯನ್ನೂ ನನ್ನನ್ನೂ ನೋಡಿದರು. ಅಷ್ಟು ದಿನದ ಸಪ್ಪೆ ಸಾರು, ಉಪ್ಪು ಸಾರು ಎಲ್ಲ ಆಗ ಅವರಿಗೆ ಅರ್ಥವಾಗಿರಬೇಕು. ಚಿಕ್ಕತ್ತೆಯ ಮುಖ ಮೊದಲು ಕೆಂಪಾಯಿತು. ಆಮೇಲೆ ಕಣ್ಣಲ್ಲಿ ನೀರು ಬಂತು. ಹೊಗೆಸೊಪ್ಪಿನೂರವಳು ಎಂದದ್ದು ನೆನಪಾಯಿತೋ ಏನೋ, ನನ್ನ ಕಡೆ ನೋಡಲಾರದೆ ಅತ್ತೆಯ ಕಡೆಗೇ ತಿರುಗಿದರು.

"ಒಂದ್ ಮಾತು ನಂಗೆ ಏಳ್ಬಾರ್ದಾಗಿತ್ತಾ ಅಕ್ಕ? ಗೊತ್ತಿದ್ರೆ ಸಮುದ್ರ ಗಿಮುದ್ರ ಅಂತಿದ್ನಾ ನಾನು?"

"ಏಳಿದ್ರೆ ಎಡೇನ ಕೋಟೆಗೆ ತಕ್ಕಂಡ್ ಓಯ್ತಿದ್ದೆ" ಎಂದರು ಅತ್ತೆ.

ಚಿಕ್ಕಮಾವ ಆಗ ಬಾಯಿ ತೆರೆದರು. ಅಣ್ಣನ ಹಾಗೆ ಅವರದೂ ಮಾತು ಕಡಿಮೆ. "ಯಾರೂ ಎಲ್ಗೂ ತಕ್ಕಂಡ್ ಓಗಾಕಿಲ್ಲ ಅತ್ಗೆ. ಮುಂದ್ಲೊರ್ಸದ ಮೀನು ನಾನೇ ತತ್ತೀನಿ. ಮಾಡೋದು ಈ ಮಗೀನೇ, ಇಕ್ಕೋದು ಇಲ್ಲೇ."

ಚಿಕ್ಕತ್ತೆ ಹೂಂ ಎಂದು ತಲೆ ಆಡಿಸಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಾವೇ ಎದ್ದು ಹೋಗಿ, ಹಲಗೆಯ ಮೇಲಿದ್ದ ಕ್ಯಾರಿಯರನ್ನು ಇಳಿಸಿ ಕಾರಿನಲ್ಲಿಟ್ಟು ಬಂದರು. ನನ್ನ ಪಕ್ಕ ಕೂತು ನನ್ನ ಬಲಗೈಯನ್ನು ತಿರುಗಿಸಿ ನೋಡಿ, ಬೆರಳ ಮೇಲಿನ ಕೆಂಪಿಗೆ ಕೊಬ್ಬರಿ ಎಣ್ಣೆ ಸವರಿದರು. ನಾನು ಗೆದ್ದಿದ್ದೆ. ಗೆದ್ದ ಮೇಲೆ ಅವರ ಮೇಲಿದ್ದ ಕೋಪ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

ಅತ್ತೆ ಬಿಟ್ಟಿದ್ದ ತುತ್ತನ್ನು ಮತ್ತೆ ಎತ್ತಿಕೊಂಡರು. ಬಾಯಿಗಿಡುವ ಮೊದಲು ಮಾವನ ಎಲೆಯಿದ್ದ ಗೋಡೆಯ ಕಡೆ ತಿರುಗಿ, ಪಕ್ಕದ ಕೋಣೆಯಲ್ಲಿರುವ ಗಂಡನಿಗೆ ಕೇಳುವಷ್ಟೇ ದನಿಯಲ್ಲಿ ಹೇಳಿದರು.

"ಕೇಳುಸ್ತಾ? ಮುಂದ್ಲೊರ್ಸಾನೂ ಇಲ್ಲಿಗೇ ಬರ್ಬೇಕಂತೆ."